ಬೆಳ್ಳಿ ಮೂಡಿದ್ದನ್ನು ಬರೆದಿಟ್ಟ ಸೈನಿಕರ ಪರವಾಗಿ: ರಕ್ಷಣಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ, ಮೂರೂ ಸೇನೆಗಳ ಮುಖ್ಯಸ್ಥರಿಗೆ,

ನಮಸ್ಕಾರ.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ನನ್ನ ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಬೆಳ್ಳಿ ಮೂಡಿತು ಅಂದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು. ಶುಕ್ರಗ್ರಹ ಎಂಬ ಹೆಸರು ಅವರಿಗೆ ಬೇಕಾಗಿರಲಿಲ್ಲ. ಆದರೆ ಬೆಳ್ಳಿ ಕೆಲವು ತಿಂಗಳು ಬೆಳಗಿನ ಜಾವ ಮೂಡಣದಲ್ಲಿ ಕಾಣುತ್ತದೆ, ಕೆಲವು ತಿಂಗಳು ಸಂಜೆ ಪಡುವಣದಲ್ಲಿ ಕಾಣುತ್ತದೆ, ನಡುವೆ ಕೆಲವು ವಾರ ಎಲ್ಲೂ ಕಾಣುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಬೆಳ್ಳಿಯನ್ನು 2012ರಲ್ಲಿ ಲಡಾಖ್‌ನಲ್ಲಿ ನಮ್ಮ ಸೈನಿಕರು ತಿಂಗಳುಗಟ್ಟಲೆ ನಿದ್ದೆಗೆಟ್ಟು ಕಾದರು. ಅದು ಬೆಳ್ಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಘಟನೆ ಮನಸ್ಸಿನಿಂದ ಹೋಗಿಲ್ಲ, ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಆ ವರ್ಷ ಆಗಸ್ಟ್‌ನಿಂದ ಪ್ಯಾಂಗಾಂಗ್ ಸರೋವರದ ಹತ್ತಿರದ ಥಾಕುಂಗ್ ಪ್ರದೇಶದಲ್ಲಿ ಐಟಿಬಿಪಿ (ಭಾರತ-ಟಿಬೆಟ್ ಗಡಿ ಪೊಲೀಸ್) ಮತ್ತು ಭೂಸೇನೆಯ ಜವಾನರಿಗೆ ಹಳದಿ ಬಣ್ಣದ ಬೆಳಕಿನ ಗೋಳಗಳು ಕಾಣತೊಡಗಿದವು. ಚೀನಾ ಕಡೆಯ ಬೆಟ್ಟಗಳ ಹಿಂದಿನಿಂದ ಮೇಲೆದ್ದು, ಮೂರರಿಂದ ಐದು ಗಂಟೆ ಹೊತ್ತು ಆಕಾಶದಲ್ಲಿ ನಿಧಾನವಾಗಿ ಸಾಗಿ, ಆಮೇಲೆ ಮಾಯವಾಗುತ್ತಿದ್ದವು. ಕೆಲವೇ ವಾರಗಳಲ್ಲಿ ನೂರಕ್ಕೂ ಹೆಚ್ಚು ಸಲ ಕಂಡವು. ಲೇಹ್‌ನ 14ನೇ ಕೋರ್ ದೆಹಲಿಗೆ ವರದಿ ಕಳಿಸಿತು. ಸೆಪ್ಟೆಂಬರ್‌ನಲ್ಲಿ ಸೇನೆ ಬೆಟ್ಟದ ಮೇಲೆ ಸಂಚಾರಿ ರಾಡಾರ್ ತಂದು ಇಟ್ಟಿತು. ರಾಡಾರ್‌ಗೆ ಏನೂ ಸಿಗಲಿಲ್ಲ. ರೇಡಿಯೊ ಸಂಕೇತ ಪತ್ತೆ ಹಚ್ಚುವ ಸ್ಪೆಕ್ಟ್ರಂ ಅನಲೈಸರ್ ತಂದರು. ಯಾವ ಸಿಗ್ನಲ್ಲೂ ಇರಲಿಲ್ಲ. ಒಂದು ಡ್ರೋನ್‌ ಅನ್ನೇ ಆ ಬೆಳಕಿನ ಕಡೆ ಹಾರಿಸಿದರು. ಅದು ತನ್ನಿಂದಾದಷ್ಟು ಎತ್ತರಕ್ಕೆ ಹೋದರೂ ಬೆಳಕು ಕೈಗೆ ಸಿಗಲಿಲ್ಲ. ಇದೆಲ್ಲ ಆಗ ಪತ್ರಿಕೆಗಳಲ್ಲಿ ಬಂದ ವರದಿ. ಟಿವಿಯವರು ಹಾರುವ ತಟ್ಟೆ, ಏಲಿಯನ್ ಎಂದು ವಾರಗಟ್ಟಲೆ ತೋರಿಸಿದರು.

ಲಡಾಖ್‌ನ ಹಾನ್ಲೆಯಲ್ಲಿ ನಮ್ಮ ದೇಶದ ದೊಡ್ಡ ವೀಕ್ಷಣಾಲಯ ಇದೆ. ಅಲ್ಲಿಯ ಖಗೋಳ ವಿಜ್ಞಾನಿಗಳು ಸೆಪ್ಟೆಂಬರ್ ಕೊನೆಯಲ್ಲಿ ಮೂರು ದಿನ ನೋಡಿದರು, ಅವು ಗ್ರಹಗಳಲ್ಲ ಎಂದರು ಅಂತ ಮೊದಲು ಸುದ್ದಿಯಾಯಿತು. 2013ರ ಜುಲೈನಲ್ಲಿ ಇನ್ನೊಂದು ಸುದ್ದಿ ಬಂತು. ಅಷ್ಟು ಹೊತ್ತಿಗೆ ಸೇನೆ 329 ಸಲ ಈ ಬೆಳಕುಗಳನ್ನು ಕಂಡು ಬರೆದಿಟ್ಟಿತ್ತು. ಅವುಗಳಲ್ಲಿ 155 ಸಲ ಚೀನಾ ಜೊತೆಗಿನ ವಾಸ್ತವ ನಿಯಂತ್ರಣ ರೇಖೆ ದಾಟಿ ಒಳಗೆ ಬಂದಿವೆ ಎಂದೂ ದಾಖಲಾಗಿತ್ತು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯವರು ಬೆಳಕುಗಳ ದಿಕ್ಕು, ಎತ್ತರ, ಸಮಯವನ್ನು ಹೊಂದಿಸಿ ನೋಡಿದರು. ಒಂದು ಗುರು, ಇನ್ನೊಂದು ಶುಕ್ರ.

ಸ್ವಾಮಿ, ಇದನ್ನು ಓದಿ ದೇಶದಲ್ಲಿ ಬಹಳ ಜನ ನಕ್ಕರು. ನಾನು ನಗಲಿಲ್ಲ. ನನಗೆ ಸಂಕಟವಾಯಿತು.

ಯಾಕೆ ಅಂದರೆ, ಆ ಜಾಗದಲ್ಲಿ ನಾನು ಇದ್ದಿದ್ದರೆ ನನಗೂ ಹಾಗೇ ಕಾಣುತ್ತಿತ್ತು. ಪ್ಯಾಂಗಾಂಗ್ ಇರುವುದು ಸಮುದ್ರ ಮಟ್ಟದಿಂದ 4,200 ಮೀಟರಿಗೂ ಮೇಲೆ. ಗಾಳಿ ತೆಳು, ಧೂಳಿಲ್ಲ, ಊರಿನ ದೀಪಗಳಿಲ್ಲ. ಅಲ್ಲಿ ಗುರು ಗ್ರಹ ನಾವು ಊರಲ್ಲಿ ನೋಡುವ ಗುರುವಿನ ಹಾಗೆ ಇರುವುದಿಲ್ಲ, ಲಾಟೀನಿನ ಹಾಗೆ ಹೊಳೆಯುತ್ತದೆ. ಕತ್ತಲಲ್ಲಿ ಒಂಟಿ ಬೆಳಕನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದರೆ, ಅದು ನಿಂತಲ್ಲೇ ನಿಂತಿದ್ದರೂ ಅತ್ತ ಇತ್ತ ಸರಿದಂತೆ ಕಾಣುತ್ತದೆ. ಇದು ಕಣ್ಣಿನ ಗುಣ, ಯಾರ ದಡ್ಡತನವೂ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಥಾಕುಂಗ್‌ನಲ್ಲಿ ನಿಂತವನಿಗೆ ಪೂರ್ವಕ್ಕೆ ಚೀನಾ. ಗ್ರಹಗಳು ಹುಟ್ಟುವುದೂ ಪೂರ್ವದಲ್ಲೇ. ಶತ್ರು ಬರಬಹುದು ಎಂದು ಕಾಯುವ ದಿಕ್ಕಿನಿಂದಲೇ ದಿನಾ ಒಂದು ದೀಪ ಏಳುತ್ತದೆ. 2013ರ ಏಪ್ರಿಲ್‌ನಲ್ಲಿ ಅದೇ ಲಡಾಖ್‌ನ ದೆಪ್ಸಾಂಗ್‌ನಲ್ಲಿ ಚೀನಾ ಸೈನಿಕರು ಒಳಗೆ ಬಂದು ಮೂರು ವಾರ ಟೆಂಟ್ ಹಾಕಿ ಕೂತಿದ್ದರು. ಅಂಥ ಕಾಲದಲ್ಲಿ ಅನುಮಾನ ಪಡದ ಸೈನಿಕ ಸೈನಿಕನೇ ಅಲ್ಲ.

ಆ ಜವಾನರು ಮಾಡಬೇಕಾದ ಕೆಲಸವನ್ನು ಸರಿಯಾಗೇ ಮಾಡಿದರು. ಕಂಡದ್ದನ್ನು ಬರೆದರು. 329 ಸಲ ಬರೆದರು. ಮೈನಸ್ ಡಿಗ್ರಿ ಚಳಿಯಲ್ಲಿ, ಕೈ ಮರಗಟ್ಟುವ ರಾತ್ರಿಗಳಲ್ಲಿ ಬರೆದರು. ವಿಜ್ಞಾನದ ಮೊದಲ ಪಾಠವೇ ಅದು. ನಾನು 31 ವರ್ಷ ಮಕ್ಕಳಿಗೆ ಕಲಿಸಲು ಒದ್ದಾಡಿದ್ದೂ ಅದನ್ನೇ.

ಉತ್ತರ ಇದ್ದದ್ದೂ ಅವರ ರಿಜಿಸ್ಟರಿನಲ್ಲೇ. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚೆ ಹುಟ್ಟುತ್ತವೆ. ಗುರು ಗ್ರಹವೂ ಹೆಚ್ಚು ಕಡಿಮೆ ಹಾಗೇ. ತಿಂಗಳಿಗೆ ಎರಡು ಗಂಟೆ ಆಯಿತು. 2012ರ ಆಗಸ್ಟ್ ಆರಂಭದಲ್ಲಿ ಗುರು ಹುಟ್ಟುತ್ತಿದ್ದದ್ದು ನಡುರಾತ್ರಿ ದಾಟಿ ಒಂದು ಗಂಟೆಯ ಆಸುಪಾಸು. ಡಿಸೆಂಬರ್ ಆರಂಭಕ್ಕೆ ಸೂರ್ಯ ಮುಳುಗುವ ಹೊತ್ತಿಗೇ ಹುಟ್ಟುತ್ತಿತ್ತು. ನಾಲ್ಕು ತಿಂಗಳಲ್ಲಿ ಎಂಟು ಗಂಟೆ ಹಿಂದಕ್ಕೆ ಸರಿಯಿತು. ಬೇಹುಗಾರಿಕೆಗೆ ಬರುವ ಡ್ರೋನ್ ಇಷ್ಟು ಕರಾರುವಾಕ್ಕಾಗಿ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತದೆಯೇ? ಬೆಳಕು ಕಂಡ ಸಮಯವನ್ನು ಒಂದು ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದ್ದರೆ ಎರಡೇ ವಾರದಲ್ಲಿ ನೇರ ಗೆರೆ ಎದ್ದು ಕಾಣುತ್ತಿತ್ತು. ಹತ್ತನೇ ಕ್ಲಾಸಿನ ಮಗು ಹಾಕಬಹುದಾದ ಗ್ರಾಫ್. ರಾಡಾರ್‌ಗೆ ಸಿಗದೆ ಇದ್ದದ್ದೂ, ಡ್ರೋನ್ ಹತ್ತಿರ ಹೋಗಲಾಗದೆ ಇದ್ದದ್ದೂ ಆಗ ಅರ್ಥವಾಗುತ್ತಿತ್ತು. ಆ ದಿನಗಳಲ್ಲಿ ಗುರು ನಮಗೆ ಬಹಳ ಹತ್ತಿರ ಬಂದಿತ್ತು. ಹತ್ತಿರ ಅಂದರೆ 60 ಕೋಟಿ ಕಿಲೋಮೀಟರ್.

ಹಾಗಾದರೆ ಅಷ್ಟು ತಿಂಗಳು ಯಾಕೆ ಬೇಕಾಯಿತು? ರಿಜಿಸ್ಟರು ಒಂದು ಕಡೆ ಇತ್ತು, ಅದನ್ನು ಓದಬಲ್ಲವರು ಇನ್ನೊಂದು ಕಡೆ ಇದ್ದರು. ಇಬ್ಬರ ನಡುವೆ ಖಾಯಂ ದಾರಿ ಇರಲಿಲ್ಲ. ನನ್ನ ಇಡೀ ಪತ್ರ ಈ ದಾರಿಯ ಬಗ್ಗೆಯೇ.

ಹಾನ್ಲೆಯಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಎಲ್ಲಿಂದ ಗೊತ್ತೇ? ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ. ಲಡಾಖ್‌ನ ಆಕಾಶವನ್ನು ನಮ್ಮ ಹೊಸಕೋಟೆಯಲ್ಲಿ ಕೂತವರು ರಾತ್ರಿಯಿಡೀ ನೋಡುತ್ತಾರೆ. ಅದೇ ಲಡಾಖ್‌ನ ಇನ್ನೊಂದು ಬೆಟ್ಟದಲ್ಲಿ ಕೂತ ಸೈನಿಕನಿಗೆ ಅವರನ್ನು ಕೇಳುವ ದಾರಿ ಇಲ್ಲ. ಹೊಸಕೋಟೆಯ ಮೇಲೆ ಬಸ್ಸಿನಲ್ಲಿ ಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಈಗ ನನ್ನ ಒಬ್ಬ ವಿದ್ಯಾರ್ಥಿಯ ವಿಷಯ ಹೇಳಬೇಕು. ಅವನ ಹೆಸರು, ಊರು, ರೆಜಿಮೆಂಟ್ ಯಾವುದನ್ನೂ ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಕ್ಲಾಸಿನಲ್ಲಿದ್ದವನು. ಸೇನೆ ಸೇರಿ ಹತ್ತು ವರ್ಷದ ಮೇಲಾಯಿತು. ರಜೆಗೆ ಬಂದಾಗ ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಾನೆ. ಒಂದು ಯುಗಾದಿಗೆ ಬಂದಾಗ ಹೇಳಿದ. "ಮಿಸ್, ಒಂದ್ಸಲ ಡ್ಯೂಟಿಯಲ್ಲಿದ್ದಾಗ ಬೆಳಕು ಕಂಡೆ. ವರದಿ ಮಾಡಿದೆ. ಮಾರನೇ ದಿನದಿಂದ ಎಲ್ಲರೂ ನನ್ನನ್ನ ಏಲಿಯನ್ ಅಂತಲೇ ಕರೆಯೋಕೆ ಶುರು ಮಾಡಿದರು. ಆರು ತಿಂಗಳು ಅದೇ ಹೆಸರು."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ. "ಮುಂದಿನ ವರ್ಷ ಇನ್ನೊಂದು ಕಂಡೆ ಮಿಸ್. ಅದು ಬೇರೆ ಥರ ಇತ್ತು. ಸರ್ರನೆ ಹೋಗಿ ನಿಂತು, ಮತ್ತೆ ವಾಪಸ್ ಹೋಯಿತು. ಅದನ್ನ ಮಾತ್ರ ಬರೀಲಿಲ್ಲ."

ಅವನು ಮೊದಲು ಕಂಡದ್ದು ಯಾವ ತಿಂಗಳು, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ ಎಂದು ಕೇಳಿದೆ. ಪಂಚಾಂಗ ತೆಗೆದು ಲೆಕ್ಕ ಹಾಕಿದೆ. ಅದು ಬೆಳ್ಳಿಯೇ. ಎರಡನೆಯದು ಬೆಳ್ಳಿ ಆಗಿರಲು ಸಾಧ್ಯವಿಲ್ಲ, ಯಾವ ಗ್ರಹವೂ ಹಾಗೆ ಸರ್ರನೆ ಹೋಗಿ ನಿಂತು ವಾಪಸ್ ಬರುವುದಿಲ್ಲ. ಬಹುಶಃ ಡ್ರೋನ್. ಬರೆದಿಡಬೇಕಾಗಿದ್ದದ್ದೇ ಆ ಎರಡನೆಯದು. ಮೊದಲನೆಯದಕ್ಕೆ ಸಿಕ್ಕ ನಗೆಪಾಟಲು ಎರಡನೆಯದರ ಬಾಯಿ ಮುಚ್ಚಿಸಿತು. ದೇಶದ ರಕ್ಷಣೆಗೆ ಇದಕ್ಕಿಂತ ದೊಡ್ಡ ನಷ್ಟ ಏನಿದೆ, ನೀವೇ ಹೇಳಿ.

ಅಮೆರಿಕದವರಿಗೂ ಈ ಪಾಠ ಸಿಕ್ಕಿದೆ, ಬಹಳ ದುಬಾರಿಯಾಗಿ ಸಿಕ್ಕಿದೆ. 2023ರ ಫೆಬ್ರವರಿಯಲ್ಲಿ ಚೀನಾದ ಒಂದು ದೊಡ್ಡ ಬಲೂನು ಅವರ ದೇಶದ ಮೇಲೆಲ್ಲ ತೇಲಿ ಹೋಯಿತು. 4ನೇ ತಾರೀಖು ಸಮುದ್ರದ ಮೇಲೆ ಅದನ್ನು ಹೊಡೆದು ಉರುಳಿಸಿದರು. ಅಂಥ ಬಲೂನುಗಳು ಮೊದಲೂ ಬಂದಿದ್ದವು, ನಮಗೆ ಗೊತ್ತೇ ಆಗಿರಲಿಲ್ಲ ಎಂದು ಅವರ ವಾಯು ರಕ್ಷಣೆಯ ಹೊಣೆ ಹೊತ್ತ ಜನರಲ್ ಗ್ಲೆನ್ ವ್ಯಾನ್‌ಹರ್ಕ್ ಬಹಿರಂಗವಾಗಿ ಒಪ್ಪಿಕೊಂಡರು. ನಿಧಾನವಾಗಿ ಚಲಿಸುವ ಸಣ್ಣ ವಸ್ತುಗಳನ್ನು ಅವರ ರಾಡಾರ್ ಕಸ ಎಂದು ಬದಿಗೆ ಹಾಕುತ್ತಿತ್ತು. ಆ ಸೆಟ್ಟಿಂಗ್ ಬದಲಾಯಿಸಿದ ಮೇಲೆ ಅಂಥವು ಜಾಸ್ತಿ ಕಾಣತೊಡಗಿದವು. ಮನುಷ್ಯರ ಮಾತಿಗೂ ಇಂಥದ್ದೇ ಒಂದು ಸೆಟ್ಟಿಂಗ್ ಇರುತ್ತದೆ. ನಗುವುದು ಅಂದರೆ ಅದೇ.

ಅಮೆರಿಕದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸೇನೆ ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

1947ರ ಜುಲೈನಲ್ಲಿ ನ್ಯೂ ಮೆಕ್ಸಿಕೊದ ರಾಸ್‌ವೆಲ್ ಹತ್ತಿರ ಒಂದು ಜಾನುವಾರು ಫಾರಂನಲ್ಲಿ ಚೂರುಪಾರು ಬಿದ್ದಿದ್ದವು. ಅಲ್ಲಿನ ವಾಯುನೆಲೆಯವರು ಹಾರುವ ತಟ್ಟೆ ಸಿಕ್ಕಿದೆ ಎಂದು ಪತ್ರಿಕಾ ಪ್ರಕಟಣೆ ಕೊಟ್ಟರು. ಬೆನ್ನಿಗೇ ಮೇಲಧಿಕಾರಿಗಳು ಅದು ಬರಿಯ ಹವಾಮಾನ ಬಲೂನು ಎಂದರು. ಅದು ಹವಾಮಾನದ್ದಾಗಿರಲಿಲ್ಲ. ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿದರೆ ಅದರ ಸದ್ದನ್ನು ಎತ್ತರದ ಗಾಳಿಯಲ್ಲಿ ಹಿಡಿಯಲು ಬಿಟ್ಟಿದ್ದ 'ಮೊಗಲ್' ಎಂಬ ರಹಸ್ಯ ಯೋಜನೆಯ ಬಲೂನು ಅದು. ಅದನ್ನು ವಾಯುಪಡೆ ತನ್ನ ವರದಿಯಲ್ಲಿ ಹೇಳಿದ್ದು 1994ರಲ್ಲಿ. 47 ವರ್ಷ ತಡವಾಗಿ. ಅಷ್ಟರಲ್ಲಿ ಅನ್ಯಗ್ರಹದವರ ಹೆಣ, ಬಚ್ಚಿಟ್ಟ ನೌಕೆ ಎಂದು ಕತೆ ಬೆಳೆದು ಹೆಮ್ಮರವಾಗಿತ್ತು. ಈಗ ನಿಜ ಹೇಳಿದರೂ ನಂಬುವವರು ಕಡಿಮೆ. ಒಂದು ಸಲ ಸುಳ್ಳು ಹೇಳಿದವರು ಎರಡನೇ ಸಲ ನಿಜ ಹೇಳುತ್ತಿದ್ದಾರೆ ಎಂದು ಜನ ಹೇಗೆ ನಂಬಬೇಕು?

ನಮ್ಮ ಬೀದರ್ ಜಿಲ್ಲೆಯ ಜಲಸಂಗಿಯನ್ನು ಇದರ ಪಕ್ಕ ಇಟ್ಟು ನೋಡಿ. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಆ ಹಳ್ಳಿಗೆ ಬೆಳಿಗ್ಗೆ ದೊಡ್ಡದೊಂದು ಬಲೂನು, ಅದಕ್ಕೆ ಕಟ್ಟಿದ ಯಂತ್ರದ ಸಮೇತ ಬಂದು ಬಿತ್ತು. ಜನ ಗಾಬರಿಯಾದರು. ಯಾರಿಗೆ ಆಗುವುದಿಲ್ಲ? ಆದರೆ ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನಿಂದ ಬಿಟ್ಟ ಬಲೂನು ಎಂದು ಅಂದೇ ಗೊತ್ತಾಯಿತು. ವಿಜ್ಞಾನದ ಕೆಲಸಕ್ಕೆ ಬಿಡುವ ಇಂಥ ಬಲೂನುಗಳು ಗಾಳಿ ಬಂದ ಕಡೆ ತೇಲಿ ಬಂದು ಇಳಿಯುತ್ತವೆ. ಸಿಕ್ಕಿದವರು ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ಅವರು ಮೊದಲೇ ತಿಳಿಸಿರುತ್ತಾರೆ. ಜಲಸಂಗಿ ರಾಸ್‌ವೆಲ್ ಆಗಲಿಲ್ಲ. ಎರಡೂ ಕಡೆ ಬಿದ್ದದ್ದು ಬಲೂನೇ. ಒಂದು ಕಡೆ ಯಾರದ್ದೆಂದು ಹೇಳಿದರು, ಇನ್ನೊಂದು ಕಡೆ ಹೇಳಲಿಲ್ಲ.

ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ಜನ ಕಂಡ ಹಾರುವ ತಟ್ಟೆಗಳ ಬಗ್ಗೆ 'ಬ್ಲೂ ಬುಕ್' ಎಂಬ ತನಿಖೆ ನಡೆಸಿತು. ಒಹಾಯೊ ರಾಜ್ಯದ ಡೇಟನ್ ಹತ್ತಿರದ ರೈಟ್-ಪ್ಯಾಟರ್ಸನ್ ವಾಯುನೆಲೆಯಲ್ಲಿ ಅದರ ಕಚೇರಿ ಇತ್ತು. ಮೊದಲ ಮುಖ್ಯಸ್ಥ ಕ್ಯಾಪ್ಟನ್ ಎಡ್ವರ್ಡ್ ರಪೆಲ್ಟ್. ಈ ಅಧಿಕಾರಿಯ ಬಗ್ಗೆ ನನಗೆ ತುಂಬ ಗೌರವ ಇದೆ. 'ಹಾರುವ ತಟ್ಟೆ' ಎಂದರೆ ಮೊದಲೇ ಒಂದು ತೀರ್ಮಾನಕ್ಕೆ ಬಂದಂತಾಗುತ್ತದೆ ಎಂದು 'ಗುರುತಿಸಲಾಗದ ಹಾರುವ ವಸ್ತು' ಎಂಬ ಮಾತನ್ನು ಬಳಕೆಗೆ ತಂದವರು ಅವರೇ. ಇಂದಿನ ಯುಎಫ್‌ಒ ಅದೇ. ಕಂಡವರೆಲ್ಲ ತುಂಬುವಂಥ ಒಂದೇ ರೀತಿಯ ಪ್ರಶ್ನಾವಳಿ ಮಾಡಿಸಿದರು. ಎಷ್ಟು ಹೊತ್ತಿಗೆ, ಯಾವ ದಿಕ್ಕು, ಎಷ್ಟು ಎತ್ತರ, ಎಷ್ಟು ಹೊತ್ತು ಕಂಡಿತು. ಥಾಕುಂಗ್‌ನಲ್ಲಿ ಬೇಕಾಗಿದ್ದದ್ದು ಇವೇ ಪ್ರಶ್ನೆಗಳು ಅಲ್ವಾ?

ಆದರೆ 1953ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕರೆಸಿದ ವಿಜ್ಞಾನಿಗಳ ಸಮಿತಿಯೊಂದು ಜನರಿಗೆ ಈ ವಿಷಯದ ಮೇಲಿರುವ ಆಸಕ್ತಿಯನ್ನೇ ಇಳಿಸಬೇಕು ಎಂದು ಸಲಹೆ ಕೊಟ್ಟಿತು. ಅಲ್ಲಿಂದ ತನಿಖೆಯ ದಾರಿ ಬದಲಾಯಿತು. ಹುಡುಕುವುದಕ್ಕಿಂತ ಸಮಾಧಾನ ಹೇಳಿ ಕಳಿಸುವುದು ಹೆಚ್ಚಾಯಿತು. 1966ರಲ್ಲಿ ಮಿಚಿಗನ್ ರಾಜ್ಯದ ಜನ ಬೆಳಕು ಕಂಡೆವು ಎಂದಾಗ, ವಾಯುಪಡೆಗೆ ಸಲಹೆ ಕೊಡುತ್ತಿದ್ದ ಖಗೋಳ ವಿಜ್ಞಾನಿ ಜೆ. ಅಲೆನ್ ಹೈನೆಕ್ ಜೌಗು ನೆಲದ ಗ್ಯಾಸ್ ಇರಬಹುದು ಎಂದರು. ನಮ್ಮ ಕಡೆ ಕೊಳ್ಳಿದೆವ್ವ ಅನ್ನುತ್ತೇವಲ್ಲ, ಅದು. ಜನರಿಗೆ ಅವಮಾನವಾದಂತೆ ಅನಿಸಿತು. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಆಗ ಅಲ್ಲಿಯ ಸಂಸದರು. ಸಂಸತ್ತಿನಲ್ಲೇ ವಿಚಾರಣೆ ನಡೆಯಲಿ ಎಂದು ಒತ್ತಾಯಿಸಿದರು. ಹೈನೆಕ್ ಅವರೂ ಮುಂದೆ ವಾಯುಪಡೆಯ ತನಿಖೆಯ ಕ್ರಮವನ್ನು ಕಟುವಾಗಿ ಟೀಕಿಸಿದರು.

ಬ್ಲೂ ಬುಕ್ ಮುಚ್ಚಿದಾಗ ಲೆಕ್ಕ ಹೀಗಿತ್ತು: ಒಟ್ಟು 12,618 ಪ್ರಕರಣ, ವಿವರಣೆ ಸಿಗದೆ ಉಳಿದದ್ದು 701. ಸಿಐಎಯ ಇತಿಹಾಸವನ್ನು ಕುರಿತು 1997ರಲ್ಲಿ ಬಂದ ಲೇಖನವೊಂದು ಇನ್ನೊಂದು ವಿಷಯ ಹೇಳಿತು. ಆ ಕಾಲದಲ್ಲಿ ಜನ ಕಂಡ ಎಷ್ಟೋ ಬೆಳಕುಗಳು ಯು-2 ಎಂಬ ರಹಸ್ಯ ಬೇಹುಗಾರಿಕೆ ವಿಮಾನದ್ದು. ಬ್ಲೂ ಬುಕ್ ಅಧಿಕಾರಿಗಳಿಗೆ ಅದು ಗೊತ್ತಿತ್ತು. ಹೊರಗೆ ಹೇಳುವ ಹಾಗಿರಲಿಲ್ಲ. ಹಾಗಾಗಿ ಹಿಮದ ಹರಳು, ಗಾಳಿಯ ಉಷ್ಣತೆಯ ಏರುಪೇರು ಎಂದು ಬೇರೆ ಬೇರೆ ಕಾರಣ ಕೊಟ್ಟರು. ಸರಿಯಾಗಿ ನೋಡಿದ ಸಾಕ್ಷಿಗೆ, ನೀನು ನೋಡಿದ್ದು ತಪ್ಪು ಎಂದು ಸ್ವಂತ ಸರ್ಕಾರವೇ ಹೇಳಿತು.

ಇದರ ಫಲವನ್ನು ಅವರು ಇವತ್ತಿಗೂ ಉಣ್ಣುತ್ತಿದ್ದಾರೆ. 2023ರ ಜುಲೈ 26ರಂದು ಅಮೆರಿಕದ ಸಂಸತ್ ಸಮಿತಿಯ ಮುಂದೆ ವಾಯುಪಡೆಯ ಮಾಜಿ ಗುಪ್ತಚರ ಅಧಿಕಾರಿ ಡೇವಿಡ್ ಗ್ರಶ್ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ಬಿದ್ದ ನೌಕೆಗಳನ್ನು ಹಿಡಿದು ಬಿಚ್ಚಿ ನೋಡುವ ರಹಸ್ಯ ಯೋಜನೆ ದಶಕಗಳಿಂದ ನಡೆಯುತ್ತಿದೆ ಎಂದು ತನಗೆ ಬೇರೆಯವರು ತಿಳಿಸಿದ್ದಾರೆ ಎಂದರು. ಅವರ ಪಕ್ಕದಲ್ಲೇ ನೌಕಾಪಡೆಯ ಮಾಜಿ ಪೈಲಟ್ ಡೇವಿಡ್ ಫ್ರೇವರ್ ಕೂತಿದ್ದರು. 2004ರ ನವೆಂಬರ್‌ನಲ್ಲಿ ಪೆಸಿಫಿಕ್ ಸಮುದ್ರದ ಮೇಲೆ ತಾನೇ ಕಣ್ಣಾರೆ ಕಂಡ ಬಿಳಿ ವಸ್ತುವಿನ ಬಗ್ಗೆ ಹೇಳಿದರು. ಇಬ್ಬರ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ನನ್ನ ಅಭಿಪ್ರಾಯ. ಒಬ್ಬರು ಕೇಳಿದ್ದನ್ನು ಹೇಳಿದರು, ಇನ್ನೊಬ್ಬರು ಕಂಡದ್ದನ್ನು ಹೇಳಿದರು. ನಮ್ಮ ಹಳ್ಳಿಯ ಪಂಚಾಯ್ತಿಯಲ್ಲೂ ಈ ವ್ಯತ್ಯಾಸಕ್ಕೆ ಬೆಲೆ ಇದೆ.

ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ 2022ರಲ್ಲಿ ಇಂಥ ಗುರುತಿಸಲಾಗದ ವಸ್ತುಗಳ ತನಿಖೆಗೆಂದೇ ಎಎಆರ್‌ಒ ಎಂಬ ಕಚೇರಿ ತೆರೆಯಿತು. ಅದು ಹಳೆಯ ಕಡತಗಳನ್ನೆಲ್ಲ ಜಾಲಾಡಿ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಅನ್ಯಗ್ರಹದ ನೌಕೆ ಸರ್ಕಾರದ ಬಳಿ ಇದೆ ಎಂಬುದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ, ನಿಜವಾದ ರಹಸ್ಯ ಯೋಜನೆಗಳನ್ನೇ ಕೆಲವರು ತಪ್ಪಾಗಿ ತಿಳಿದಿದ್ದಾರೆ ಎಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ವರದಿ. ಹೊಸದಾಗಿ ಬಂದ 757 ಪ್ರಕರಣಗಳಲ್ಲಿ ಬಹಳಷ್ಟು ಬಲೂನು, ಹಕ್ಕಿ, ಡ್ರೋನ್, ಸ್ಟಾರ್‌ಲಿಂಕ್ ಉಪಗ್ರಹ. ನೂರಾರು ಪ್ರಕರಣಗಳಲ್ಲಿ ತೀರ್ಮಾನ ಮಾಡಲು ಬೇಕಾದ ವಿವರವೇ ಇರಲಿಲ್ಲ. ಇನ್ನೂ ಚೆನ್ನಾಗಿ ನೋಡಬೇಕು ಎಂದು ಬದಿಗೆ ತೆಗೆದಿಟ್ಟದ್ದು 21. ನನಗೆ ಈ ವರದಿ ಪ್ರಾಮಾಣಿಕವಾಗಿದೆ ಅನಿಸುತ್ತದೆ. ಅಲ್ಲಿಯ ಜನರಲ್ಲಿ ಎಷ್ಟೋ ಮಂದಿಗೆ ಹಾಗನಿಸಿಲ್ಲ. ರಾಸ್‌ವೆಲ್‌ನ ಸಾಲ ಇನ್ನೂ ತೀರಿಲ್ಲ.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 1977ರಲ್ಲಿ ತನ್ನ ಬಾಹ್ಯಾಕಾಶ ಸಂಸ್ಥೆಯೊಳಗೇ, ಟೂಲೂಸ್ ನಗರದಲ್ಲಿ, ಒಂದು ಸಣ್ಣ ತಂಡ ಕಟ್ಟಿತು. ಇವತ್ತು ಅದರ ಹೆಸರು ಗೈಪಾನ್. ಊರಲ್ಲಿ ಯಾರಾದರೂ ಏನಾದರೂ ಕಂಡರೆ ಅಲ್ಲಿಯ ಜಂಡಾರ್ಮರಿ ಪೊಲೀಸರು ಹೇಳಿಕೆ ಬರೆದುಕೊಂಡು ಆ ತಂಡಕ್ಕೆ ಕಳಿಸುತ್ತಾರೆ. ಪೊಲೀಸರು ನಗುವ ಹಾಗಿಲ್ಲ, ಅದು ಅವರ ಡ್ಯೂಟಿ. ತಂಡದವರು ಪ್ರತಿ ಪ್ರಕರಣಕ್ಕೂ ಎ, ಬಿ, ಸಿ, ಡಿ ಎಂದು ದರ್ಜೆ ಹಾಕುತ್ತಾರೆ. ಎ ಅಂದರೆ ಏನೆಂದು ಖಚಿತವಾಗಿ ಗೊತ್ತಾಯಿತು. ಡಿ ಅಂದರೆ ಚೆನ್ನಾಗಿ ತನಿಖೆ ಮಾಡಿದರೂ ಗೊತ್ತಾಗಲಿಲ್ಲ. 2007ರ ಮಾರ್ಚ್‌ನಲ್ಲಿ ಕಡತಗಳನ್ನು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ತೆರೆದರು. ಗೊತ್ತಾಗಲಿಲ್ಲ ಎಂದು ಸರ್ಕಾರವೇ ಬರೆದು ಪ್ರಕಟಿಸಿದ್ದಕ್ಕೆ ಫ್ರಾನ್ಸ್‌ನ ಮಾನ ಹೋಗಲಿಲ್ಲ, ಭದ್ರತೆಗೂ ಧಕ್ಕೆ ಬರಲಿಲ್ಲ.

ನಾನು ಕೇಳುವುದು ಹೆಚ್ಚು ಕಡಿಮೆ ಅಂಥದ್ದನ್ನೇ. ಆದರೆ ಮೊದಲ ಕೋರಿಕೆ ಥಾಕುಂಗ್‌ನದು. ಆ 329 ದಾಖಲೆಗಳನ್ನು ಪ್ರಕಟಿಸಿ. ಕಾವಲು ಠಾಣೆ ಎಲ್ಲಿದೆ, ರಾಡಾರ್‌ಗೆ ಎಷ್ಟು ದೂರ ಕಾಣುತ್ತದೆ, ಯಾರು ಡ್ಯೂಟಿಯಲ್ಲಿದ್ದರು, ಅದೆಲ್ಲ ಬೇಡ. ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ಭದ್ರತೆಯ ವಿಷಯಕ್ಕೆ ವಿನಾಯಿತಿ ಕೊಟ್ಟಿದೆ, ಕೊಡಬೇಕಾದದ್ದೇ. ತಾರೀಖು, ಸಮಯ, ದಿಕ್ಕು, ಎತ್ತರ, ಇಷ್ಟು ಸಾಕು. ಅಂದು ಆಕಾಶದಲ್ಲಿ ಗುರು ಎಲ್ಲಿತ್ತು ಅನ್ನುವುದು ಯಾರಿಗೂ ರಹಸ್ಯವಲ್ಲ. ಮೊದಲು ಗ್ರಹ ಅಲ್ಲ ಎಂದು ಬಂದ ಸುದ್ದಿ ನಂತರ ಗ್ರಹವೇ ಎಂದು ಹೇಗೆ ಬದಲಾಯಿತು ಅನ್ನುವುದೂ ಆಗ ಜನರಿಗೆ ತಿಳಿಯುತ್ತದೆ. ಐಟಿಬಿಪಿ ಗೃಹ ಸಚಿವಾಲಯಕ್ಕೆ ಸೇರಿದ್ದು ಎಂದು ಬಲ್ಲೆ. ಈ ಪತ್ರವನ್ನು ಆ ಸಚಿವರಿಗೂ ದಯವಿಟ್ಟು ತಲುಪಿಸಿ. ಕಡತ ತೆರೆದರೆ ಪ್ರತಿ ಹೈಸ್ಕೂಲಿನ ಪಾಠದಲ್ಲಿ ಇಡಬಹುದಾದ ಉದಾಹರಣೆ ನಮಗೆ ಸಿಗುತ್ತದೆ. ಜವಾನರ ಮೇಲಿನ ನಗೆಯೂ ನಿಲ್ಲುತ್ತದೆ.

ಇಂಫಾಲದ ವಿಷಯವೂ ಬಾಕಿ ಇದೆ. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಹತ್ತಿರ ಏನೋ ಹಾರುತ್ತಿದೆ ಎಂದು ಕಂಡು ಕೆಲವು ಗಂಟೆ ವಿಮಾನ ಸಂಚಾರ ನಿಲ್ಲಿಸಿದರು. ಹುಡುಕಲು ರಫೇಲ್ ವಿಮಾನಗಳನ್ನು ಕಳಿಸಿದರು. ಆ ಸಣ್ಣ ವಸ್ತು ಮತ್ತೆ ಕಾಣಲಿಲ್ಲ ಎಂದು ವಾಯುಪಡೆಯ ಪೂರ್ವ ಕಮಾಂಡ್ ಪ್ರಕಟಣೆ ಕೊಟ್ಟಿತು. ಕಂಡಕೂಡಲೇ ಎಚ್ಚೆತ್ತುಕೊಂಡದ್ದು ಒಳ್ಳೆಯದೇ. ಆದರೆ ಮಣಿಪುರದ ಜನ ಆಗಲೇ ಎಷ್ಟೋ ಭಯಗಳ ನಡುವೆ ಬದುಕುತ್ತಿದ್ದರು. ಅವರಿಗೆ ಒಂದು ಪುಟದ ಉತ್ತರ ಸಿಗಬೇಕು. ಡ್ರೋನ್ ಎಂದಾದರೂ ಸರಿ, ಬಲೂನು ಎಂದಾದರೂ ಸರಿ, ಗೊತ್ತಾಗಲಿಲ್ಲ ಎಂದಾದರೂ ಸರಿ.

ಇದಕ್ಕೆ ದೊಡ್ಡ ಇಲಾಖೆ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಬೇಕಾದವರೆಲ್ಲ ಈಗಾಗಲೇ ಇದ್ದಾರೆ. ಗ್ರಹ ನಕ್ಷತ್ರಗಳಿಗೆ ಕೋರಮಂಗಲ, ಹೊಸಕೋಟೆ ಇವೆ. ಉಪಗ್ರಹಗಳ ಜಾಡು ಹಿಡಿಯಲು ಪೀಣ್ಯದಲ್ಲಿ ಇಸ್ರೋದ ಕೇಂದ್ರ 2020ರಿಂದ ಇದೆ. ಹವಾಮಾನ ಇಲಾಖೆಗೆ ತನ್ನ ಬಲೂನುಗಳು ಎಲ್ಲಿ ಹಾರುತ್ತಿವೆ ಎಂದು ಗೊತ್ತು. ಡಿಆರ್‌ಡಿಒಗೆ ತನ್ನ ಕ್ಷಿಪಣಿ ಯಾವಾಗ ಹಾರಿತು ಎಂದು ಗೊತ್ತು. 2022ರ ಡಿಸೆಂಬರ್ 15ರ ಸಂಜೆ ಒಡಿಶಾದ ಕರಾವಳಿಯಿಂದ ಅಗ್ನಿ-5 ಹಾರಿದಾಗ ಅದರ ಬೆಳಕು ಬಂಗಾಳದವರೆಗೆ ಕಂಡು ಜನ ಬೆರಗಾಗಿದ್ದರು. ಈ ನಾಲ್ಕು ಕಡೆಯವರನ್ನು ಒಂದು ಫೋನಿನಲ್ಲಿ ಸೇರಿಸಬಲ್ಲ ಐದಾರು ಜನ ಸಾಕು. ಗಡಿಯಲ್ಲಿ ಬರೆದ ವರದಿ ಎರಡು ದಿನದಲ್ಲಿ ಅವರಿಗೆ ಮುಟ್ಟಬೇಕು, ಒಂದು ವಾರದಲ್ಲಿ ಉತ್ತರ ಆ ಠಾಣೆಗೇ ವಾಪಸ್ ಬರಬೇಕು. ಈ ವಾಪಸ್ ಬರುವುದೇ ಬಹಳ ಮುಖ್ಯ. ತಾನು ಬರೆದದ್ದನ್ನು ಯಾರೋ ಓದಿದರು ಎಂದು ಗೊತ್ತಾದರೆ ಸೈನಿಕ ಮುಂದಿನ ಸಲವೂ ಬರೆಯುತ್ತಾನೆ. ವರ್ಷಕ್ಕೊಮ್ಮೆ ಜನರ ಮುಂದೆ ಲೆಕ್ಕ ಇಡಿ. ಇಷ್ಟು ಕಂಡೆವು, ಇಷ್ಟು ಗೊತ್ತಾಯಿತು, ಇಷ್ಟು ಗೊತ್ತಾಗಲಿಲ್ಲ. ಕನ್ನಡದಲ್ಲೂ ಇರಲಿ, ಮಣಿಪುರಿಯಲ್ಲೂ ಲಡಾಖಿಯಲ್ಲೂ ಇರಲಿ.

ವರದಿ ಮಾಡಿದವನನ್ನು ಹೀಯಾಳಿಸಬಾರದು ಎಂದು ಒಂದು ಲಿಖಿತ ಆದೇಶವನ್ನೂ ಹೊರಡಿಸಿ. ಚಿಕ್ಕ ವಿಷಯ ಅನಿಸಬಹುದು. ನನ್ನ ವಿದ್ಯಾರ್ಥಿಯ ಮುಖ ನೋಡಿದ್ದರೆ ನಿಮಗೆ ಹಾಗೆ ಅನಿಸುತ್ತಿರಲಿಲ್ಲ.

"ಮಿಸ್, ಏಲಿಯನ್ ನಿಜವಾಗ್ಲೂ ಇದ್ದಾರಾ?" ಎಂದು ಪ್ರತಿ ವರ್ಷ ಯಾವುದಾದರೂ ಮಗು ಕೇಳುತ್ತಿತ್ತು. ಬೇರೆ ನಕ್ಷತ್ರಗಳ ಸುತ್ತ ಸಾವಿರಾರು ಗ್ರಹಗಳನ್ನು ಈಗಾಗಲೇ ಕಂಡುಹಿಡಿದಿದ್ದಾರೆ, ಎಲ್ಲಾದರೂ ಜೀವ ಇರಬಹುದು ಎಂದು ನನಗೂ ಆಸೆ ಇದೆ, ಆದರೆ ಅವರು ಇಲ್ಲಿಗೆ ಬಂದಿದ್ದಾರೆ ಎನ್ನಲು ಇದುವರೆಗೆ ಯಾರೂ ಪುರಾವೆ ತೋರಿಸಿಲ್ಲ ಎಂದು ಹೇಳುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ. ಒಂದು ದಿನ ನಿಜವಾಗಿ ಏನಾದರೂ ಬಂದರೆ ಅದನ್ನು ಮೊದಲು ಕಾಣುವವನು ಬಹುಶಃ ಗಡಿಯಲ್ಲಿ ರಾತ್ರಿ ಡ್ಯೂಟಿಯಲ್ಲಿರುವ ಯಾವನೋ ಒಬ್ಬ ಹುಡುಗನೇ. ಆ ದಿನ ಅವನು ಬರೆಯಲು ಹೆದರಬಾರದು.

ಕೊನೆಗೆ ಒಂದು ಸಣ್ಣ ಅನುಮತಿ ಕೇಳಬೇಕು. ನನ್ನ ವಿದ್ಯಾರ್ಥಿಗಾಗಿ ಒಂದು ಹಾಳೆ ಮಾಡಿಕೊಟ್ಟಿದ್ದೇನೆ. ಮುಂದಿನ ಹನ್ನೆರಡು ತಿಂಗಳು ಗುರು, ಶುಕ್ರ, ಮಂಗಳ ಯಾವ ದಿಕ್ಕಿನಲ್ಲಿ, ಎಷ್ಟು ಗಂಟೆಗೆ ಹುಟ್ಟುತ್ತವೆ ಎಂದು ಅವನಿರುವ ಜಾಗಕ್ಕೆ ಲೆಕ್ಕ ಹಾಕಿ, ಒಂದು ಮಗ್ಗುಲಲ್ಲಿ ಕನ್ನಡದಲ್ಲಿ, ಇನ್ನೊಂದು ಮಗ್ಗುಲಲ್ಲಿ ಹಿಂದಿಯಲ್ಲಿ ಬರೆದಿದ್ದೇನೆ. ಮಳೆಗೆ ಹಾಳಾಗದಿರಲಿ ಎಂದು ಪ್ಲಾಸ್ಟಿಕ್ ಹಾಕಿಸಿದ್ದೇನೆ. ಅದನ್ನು ಠಾಣೆಯ ಗೋಡೆಗೆ ಅಂಟಿಸಬಹುದಾ ಮಿಸ್, ಎಂದು ಅವನು ಕೇಳಿದ. ಸಾಹೇಬರನ್ನು ಕೇಳಿ ಅಂಟಿಸು ಎಂದಿದ್ದೇನೆ. ರಜೆ ಮುಗಿಸಿ ಅವನು ಮುಂದಿನ ಸೋಮವಾರ ಹೊರಡುತ್ತಾನೆ. ಅಂಟಿಸಲಿ ಎಂದು ಒಂದು ಮಾತು ಹೇಳಿಬಿಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ
ಹಾಸನ ಜಿಲ್ಲೆ